ಉದ್ದದ ಇಂಗ್ಲಿಷ್ ಪದವನ್ನು ಬಾಲದಿಂದ ಓದಿ

ಉದ್ದದ ಇಂಗ್ಲಿಷ್ ಪದ ಎದುರಾದರೆ ಹೆಚ್ಚಿನವರು ಮೊದಲ ಅಕ್ಷರದಿಂದ ಹೊರಟು ನಡುವೆ ಎಡವುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ನಾನು ಪದದ ಬಾಲವನ್ನು ಮೊದಲು ನೋಡಿಸುತ್ತೇನೆ. ಒತ್ತು ಎಲ್ಲಿ ಬೀಳಬೇಕೆಂದು ಬಹಳ ಸಲ ತೀರ್ಮಾನಿಸುವುದು ಕೊನೆಯ ಪ್ರತ್ಯಯವೇ.

‘ರೆಸ್ಪಾನ್ಸಿಬಿಲಿಟಿ’ಯನ್ನು ತೆಗೆದುಕೊಳ್ಳಿ. ಬರೆದಿರುವ ಅಕ್ಷರಗಳನ್ನು ಬಿಟ್ಟು, ಬಾಯಿಬಿಟ್ಟು ಹೇಳಿ, ಕೇಳಿಸುವ ಸ್ವರಗಳನ್ನು ಎಣಿಸಿ: ರಿ-ಸ್ಪಾನ್-ಸಿ-ಬಿ-ಲಿ-ಟಿ. ಆರು ಸ್ವರ, ಆದ್ದರಿಂದ ಆರು ಉಚ್ಚಾರಾಂಶ. ‘ಇಟಿ’ ಎಂದು ಮುಗಿಯುವ ಪದದಲ್ಲಿ ಒತ್ತು ಕೊನೆಯಿಂದ ಮೂರನೆಯದಕ್ಕೆ, ಇಲ್ಲಿ ‘ಬಿ’ಗೆ. ‘ಸ್ಪಾನ್’ಗೆ ಅದಕ್ಕಿಂತ ಕಡಿಮೆ ಒತ್ತು.

ಒತ್ತು ಕೊಡುವುದೆಂದರೆ ಬರೀ ಜೋರಾಗಿ ಹೇಳುವುದಲ್ಲ. ದನಿ ತುಸು ಏರಬೇಕು, ಸ್ವರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅದಕ್ಕಿಂತ ಮುಖ್ಯವಾದುದು ಒತ್ತಿಲ್ಲದವನ್ನು ಸಡಿಲ ಬಿಡುವುದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ತುಂಬು ಸ್ವರ ಕೊಟ್ಟು ಅಭ್ಯಾಸವಾದ ನಮಗೆ ಇದೇ ಕಷ್ಟ. ‘ಸಿ’, ‘ಲಿ’ಗಳು ಮಸುಕಾಗಿ ‘ಸ’, ‘ಲ’ ಎಂಬಂತೆ ಕೇಳಿಸಲಿ. ಆಗ ‘ಬಿ’ ತಾನಾಗಿಯೇ ಎದ್ದು ನಿಲ್ಲುತ್ತದೆ. ಈಗ ಹಿಂದಿನಿಂದ ಕಟ್ಟುತ್ತಾ ಬನ್ನಿ: ಟಿ, ಲಟಿ, ಬಿಲಟಿ, ಸಬಿಲಟಿ, ಸ್ಪಾನ್ಸಬಿಲಟಿ, ರಿಸ್ಪಾನ್ಸಬಿಲಟಿ. ‘ಬಿ’ ಬಂದಾಗಲೆಲ್ಲ ಮೇಜಿನ ಮೇಲೆ ಬೆರಳು ತಟ್ಟಿ.

‘ಷನ್’, ‘ಇಕ್’ ಎಂದು ಮುಗಿದರೆ ಒತ್ತು ಅದರ ಹಿಂದಿನ ಉಚ್ಚಾರಾಂಶಕ್ಕೆ. ‘ಪ್ರೊನನ್ಸಿಯೇಷನ್’ನಲ್ಲಿ ‘ಯೇ’, ‘ಸೈಂಟಿಫಿಕ್’ನಲ್ಲಿ ‘ಟಿ’. ನನಗೆ ಅತ್ಯಂತ ಇಷ್ಟವಾದ ಕುಟುಂಬ ಇದು: ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲನೆಯದಕ್ಕೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಬಾಲ ಬದಲಾದಂತೆ ಒತ್ತು ಮುಂದೆ ಸರಿಯುವುದನ್ನು ಕಿವಿಯಿಂದಲೇ ಹಿಡಿಯಬಹುದು. ‘ಎಂಜಿನಿಯರ್’, ‘ವಾಲಂಟಿಯರ್’ಗಳಲ್ಲಿ ಮಾತ್ರ ಬಾಲವೇ ಒತ್ತನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಅಪವಾದಗಳೂ ಇವೆ. ‘ಪಾಲಿಟಿಕ್ಸ್’ನಲ್ಲಿ ಒತ್ತು ‘ಪಾ’ಗೆ, ಗಣಿತ ಎಂಬ ಅರ್ಥದ ‘ಅರಿತ್‌ಮೆಟಿಕ್’ನಲ್ಲಿ ‘ರಿತ್’ಗೆ. ಅನುಮಾನ ಬಂದರೆ ನಿಘಂಟು ತೆರೆದು ಉಚ್ಚಾರಣೆಯ ಸಾಲನ್ನು ನೋಡಿ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಮೇಲಿನ ಪುಟ್ಟ ಗೀಟು ಮುಖ್ಯ ಒತ್ತನ್ನೂ ಕೆಳಗಿನದು ಉಪ ಒತ್ತನ್ನೂ ತೋರಿಸುತ್ತವೆ. ಎರಡೂ ಒತ್ತು ಬೀಳುವ ಉಚ್ಚಾರಾಂಶದ ಮುಂಚೆಯೇ ಬರುತ್ತವೆ. ಕೆಲವು ನಿಘಂಟುಗಳು ಮುಖ್ಯಪದದ ನಡುವೆ ಚುಕ್ಕಿಗಳನ್ನಿಡುತ್ತವೆ. ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದು ಎಂಬುದಕ್ಕಾಗಿ ಅವು. ಉಚ್ಚಾರಣೆಗೆ ಅವನ್ನು ನೆಚ್ಚಬೇಡಿ.