ಅಸಿಟನಿಲೈಡ್ ನೈಟ್ರೇಶನ್: ಹರಳು ಬೆಳ್ಳಗೆ ಬರಬೇಕಾದರೆ

ಬೆಂಜೀನ್ ಉಂಗುರದ ಹೈಡ್ರೋಜನ್ ಬಿಡಿಸಿ ಆ ಜಾಗದಲ್ಲಿ ನೈಟ್ರೋ ಗುಂಪು ಕೂರಿಸುವುದನ್ನು ಬಿ.ಎಸ್ಸಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಸಿಟನಿಲೈಡ್ (ಅಸಿಟೈಲ್ ಗುಂಪು ಹೊದಿಸಿದ ಅನಿಲೀನ್) ಬಳಸಿ ಮಾಡಿಸುತ್ತಾರೆ. ನೇರ ಅನಿಲೀನನ್ನೇ ಏಕೆ ಹಾಕಬಾರದು? ಆಮ್ಲದಲ್ಲಿ ಅದು ಪ್ರೋಟಾನ್ ಹಿಡಿದು ಅನಿಲೀನಿಯಂ ಆಗುತ್ತದೆ, ಅನಿಲೀನಿಯಂ ನೈಟ್ರೋವನ್ನು ಮೆಟಾ ಸ್ಥಾನಕ್ಕೆ (ಉಂಗುರದಲ್ಲಿ ಒಂದು ಬಿಟ್ಟು ಮುಂದಿನ ಜಾಗ; ಪಕ್ಕದ್ದು ಆರ್ಥೋ, ನೇರ ಎದುರಿನದು ಪ್ಯಾರಾ) ತಳ್ಳುತ್ತದೆ. ಪಿಯು ಪುಸ್ತಕದ ಲೆಕ್ಕ ನೆನಪಿರಬಹುದು: ಪ್ಯಾರಾ ಶೇ 51, ಮೆಟಾ ಶೇ 47, ಆರ್ಥೋ ಶೇ 2. ಮೇಲೆ ಒಂದಿಷ್ಟು ಕಪ್ಪು ಟಾರು. ಅಸಿಟೈಲ್ ಹೊದಿಸಿದರೆ ಬಹುಪಾಲು ಪ್ಯಾರಾ ಸಿಗುತ್ತದೆ.

ಕನ್ನಡಕ, ಕೈಗವಸು ಹಾಕಿಕೊಂಡು ಫ್ಯೂಮ್ ಹುಡ್‌ನಲ್ಲೇ ಕೆಲಸ ಮಾಡಿ. 100 ಮಿ.ಲೀ. ಕೋನಿಕಲ್ ಫ್ಲಾಸ್ಕಿಗೆ ನುಣ್ಣಗೆ ಪುಡಿ ಮಾಡಿದ 5 ಗ್ರಾಂ ಅಸಿಟನಿಲೈಡ್, 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ ಹಾಕಿ. ಕಲಕುತ್ತಾ 10 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಬಿಸಿಯಾಗಿ ತಿಳಿಯಾಗುತ್ತದೆ. ಉಪ್ಪು ಬೆರೆಸಿದ ಐಸಿನಲ್ಲಿಟ್ಟು 2 ಡಿಗ್ರಿಗೆ ಇಳಿಸಿ. ಐಸಿನಲ್ಲಿಟ್ಟ ಇನ್ನೊಂದು ಪ್ರನಾಳದಲ್ಲಿ 2.2 ಮಿ.ಲೀ. ಸಾಂದ್ರ ನೈಟ್ರಿಕ್ ಆಮ್ಲಕ್ಕೆ 1.4 ಮಿ.ಲೀ. ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಉಂಗುರದ ಮೇಲೆ ದಾಳಿ ಮಾಡುವ ನೈಟ್ರೋನಿಯಂ ಅಯಾನು ಹುಟ್ಟುವುದು ಇಲ್ಲೇ.

ಈಗ ಈ ಮಿಶ್ರಣವನ್ನು ಡ್ರಾಪರಿನಿಂದ ಫ್ಲಾಸ್ಕಿಗೆ ಹನಿಸಿ. ಉಷ್ಣತೆ 10 ಡಿಗ್ರಿ ದಾಟಕೂಡದು. ದ್ರಾವಣ ಎಣ್ಣೆಯಂತೆ ಮಂದವಾಗಿರುವುದರಿಂದ ಕಲಕದಿದ್ದರೆ ಹನಿಗಳು ಒಂದೇ ಕಡೆ ಕೂಡಿಕೊಳ್ಳುತ್ತವೆ, ಆಮೇಲೆ ಒಮ್ಮೆಲೇ ಕಾವು ಏರಿ ಎರಡು ನೈಟ್ರೋ ಗುಂಪು ಕೂತ ಡೈನೈಟ್ರೋ ಆಗುತ್ತದೆ. ಕಲಕಲು ಗಾಜಿನ ಕಡ್ಡಿ ಬಳಸಿ. ಥರ್ಮಾಮೀಟರಿನಲ್ಲಿ ಕಲಕಿ ಬುರುಡೆ ಒಡೆದರೆ ಪಾದರಸವೂ ಫ್ಲಾಸ್ಕಿಗೇ!

ಹನಿಸಿ ಮುಗಿದ ಮೇಲೆ ಒಂದು ಗಂಟೆ ಕೋಣೆಯ ಉಷ್ಣತೆಯಲ್ಲಿಡಿ. ನಂತರ 50 ಗ್ರಾಂ ಜಜ್ಜಿದ ಐಸಿಗೆ ಸುರಿದು, ಕಾಲು ಗಂಟೆ ಬಿಟ್ಟು ಬುಕ್ನರ್ ಫನೆಲ್‌ನಲ್ಲಿ ಸೋಸಿ.

ಎಲ್ಲರೂ ಅವಸರ ಮಾಡುವುದು ತೊಳೆಯುವಾಗ. ಸೋಸಿ ಬಂದ ನೀರು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸದವರೆಗೂ ತಣ್ಣೀರಿನಲ್ಲಿ ತೊಳೆಯಲೇಬೇಕು. ಆಮ್ಲ ಉಳಿದರೆ ಬಿಸಿ ಎಥನಾಲಿನಲ್ಲಿ ಅಸಿಟೈಲ್ ಕಳಚಿ ಹಳದಿ ನೈಟ್ರೋಅನಿಲೀನ್ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೈಟ್ರಿಕ್ ಆಮ್ಲ ಮತ್ತು ಎಥನಾಲ್ ಕೂಡಿದರೆ ಅಪಾಯ.

ಎಥನಾಲಿನಲ್ಲಿ ಮರುಹರಳು ಮಾಡುವಾಗ ವಾಟರ್ ಬಾತ್ ಬಳಸಿ, ಬರ್ನರ್ ಬೇಡ. ಹೆಚ್ಚು ಕರಗುವ ಹಳದಿ ಆರ್ಥೋ ದ್ರಾವಣದಲ್ಲೇ ಉಳಿಯುತ್ತದೆ. ಲೆಕ್ಕದ ಪ್ರಕಾರ 6.66 ಗ್ರಾಂ ಪ್ಯಾರಾ-ನೈಟ್ರೋಅಸಿಟನಿಲೈಡ್ ಬರಬೇಕು. ಶುದ್ಧವಾಗಿ 4 ಗ್ರಾಂ ಸಿಕ್ಕರೆ ಚೆನ್ನಾಗಿಯೇ ಮಾಡಿದ್ದೀರಿ. ಒಣಗಿದ ಹರಳು 214 ಡಿಗ್ರಿ ಹತ್ತಿರ ಕರಗಬೇಕು, ತೀರಾ ಕೆಳಗೆ ಕರಗಿದರೆ ಇನ್ನೊಮ್ಮೆ ಮರುಹರಳು ಮಾಡಿ.