ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯೇ? ನಾನು ಪರೀಕ್ಷಿಸುವ ಕ್ರಮ

ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ಜೋಡಿಸಿದ ಕೂಡಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ರಿಪೇರಿ ಸಾಫ್ಟ್‌ವೇರ್. ನನ್ನ ಕ್ರಮದಲ್ಲಿ ಅದಕ್ಕೆ ಕಟ್ಟಕಡೆಯ ಜಾಗ. ಸವೆದ ಡಿಸ್ಕಿಗೆ ಪರೀಕ್ಷೆಯೂ ಒಂದು ಹೊರೆಯೇ. ಪೂರ್ತಿ ಸ್ಕ್ಯಾನ್ ಎಂದರೆ ಗಂಟೆಗಟ್ಟಲೆ ಎಡೆಬಿಡದ ಓದು, ಆ ಗಂಟೆಗಳನ್ನು ಡೇಟಾ ಹೊರತೆಗೆಯಲು ಬಳಸಬಹುದಿತ್ತು. ಹಾಗಾಗಿ ಡಿಸ್ಕಿನಿಂದ ಅತಿ ಕಡಿಮೆ ಕೆಲಸ ಬೇಡುವ ತಪಾಸಣೆ ಮೊದಲು, ಹೆಚ್ಚು ಬೇಡುವುದು ಆಮೇಲೆ. ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆಗೆ ಈ ಹಂತದಲ್ಲಿ ಉತ್ತರ ‘ಬೇಡ’ ಒಂದೇ.

ಮೊದಲ ತಪಾಸಣೆ ಕಿವಿಯದು. ಅಲುಗಾಡದ ಮೇಜಿನ ಮೇಲಿಟ್ಟು ಜೋಡಿಸಿ, ಅರ್ಧ ನಿಮಿಷ ಮೌಸ್ ಮುಟ್ಟದೆ ಸದ್ದು ಕೇಳುತ್ತೇನೆ. ಮೋಟಾರ್ ವೇಗ ಏರಿಸಿಕೊಂಡು ಒಂದೇ ಸಮನಾದ ಗುಂಯ್‌ಗುಡುವಿಕೆಗೆ ಬಂದು ನಿಲ್ಲಬೇಕು. ನಡುವೆ ಹೆಡ್ (ಡೇಟಾ ಓದಿ ಬರೆಯುವ ತುದಿ) ಓಡಾಡುವ ಸಣ್ಣ ಕಟಕಟ ಸಹಜ. ಕೇಬಲ್ ಕಿತ್ತಾಗ ಒಮ್ಮೆ ‘ಟಕ್’ ಎನ್ನುವುದೂ ಸಹಜ, ಅದು ಹೆಡ್ ಪ್ಲ್ಯಾಟರ್ (ಡೇಟಾ ಇರುವ ತಿರುಗುವ ತಟ್ಟೆ) ಬಿಟ್ಟು ತನ್ನ ಜಾಗಕ್ಕೆ ಸರಿದ ಸದ್ದು. ಒಂದೇ ಲಯದಲ್ಲಿ ಟಕ್ ಟಕ್ ಎಂದು ಹೊಡೆಯುತ್ತಾ ಹೋಗಿ ಮೋಟಾರ್ ನಿಂತರೆ ಹೆಡ್‌ಗೆ ಪ್ಲ್ಯಾಟರ್ ಮೇಲಿನ, ದಾರಿ ತೋರುವ ಸರ್ವೋ ಗುರುತುಗಳು ಸಿಗುತ್ತಿಲ್ಲ. ಪೀಪ್ ಪೀಪ್ ಎಂಬ ಸದ್ದು ಬಂದರೆ ಮೋಟಾರ್ ತಿರುಗಲು ಹೆಣಗುತ್ತಿದೆ: ಹೆಡ್ ಪ್ಲ್ಯಾಟರ್‌ಗೆ ಅಂಟಿಕೊಂಡಿರಬಹುದು, ಇಲ್ಲವೇ ಕರೆಂಟ್ ಸಾಲುತ್ತಿಲ್ಲ. ಕೆರೆಯುವ ಸದ್ದು ಬಂದರೆ ಮಾತ್ರ ಯಾವ ವಿಚಾರಣೆಯೂ ಇಲ್ಲದೆ ತಕ್ಷಣ ಕೇಬಲ್ ಕೀಳಬೇಕು. ಪ್ಲ್ಯಾಟರ್‌ನಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್ ಅದನ್ನೇ ಉಜ್ಜುತ್ತಿದೆ, ಪ್ರತಿ ಸುತ್ತಿಗೂ ಡೇಟಾ ಪುಡಿಯಾಗುತ್ತಿದೆ. ಆ ಡಿಸ್ಕ್ ಇನ್ನು ಹೋಗಬೇಕಾದ್ದು ಧೂಳಿಲ್ಲದ ಕ್ಲೀನ್‌ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ಗೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆಯನ್ನು ಯಾರೂ ಪಾಲಿಸಬಾರದು, ಹೊರತೆಗೆದ ಮೇಲೆ ಒಳಗೆ ಕಟ್ಟುವ ತೇವ ಉಳಿದದ್ದನ್ನೂ ಕೆಡಿಸುತ್ತದೆ.

ಟಕ್‌ಟಕ್ ಮತ್ತು ಪೀಪ್ ಎರಡಕ್ಕೂ ವಿದ್ಯುತ್ ಕೊರತೆಯೇ ಕಾರಣವಿರಬಹುದು, ಅದಕ್ಕಾಗಿ ಒಂದೇ ಒಂದು ಮರುಪ್ರಯತ್ನಕ್ಕೆ ಅವಕಾಶ ಕೊಡುತ್ತೇನೆ. 2.5 ಇಂಚಿನ ಡ್ರೈವ್ ಓಡುವುದು ಯುಎಸ್‌ಬಿ ಪೋರ್ಟ್‌ನ 5 ವೋಲ್ಟ್‌ನಲ್ಲಿ. ಮಾನದಂಡದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡಬೇಕಾದ್ದು 900. ಮೋಟಾರ್ ಹೊರಡುವ ಕ್ಷಣದಲ್ಲಿ ಬೇಡಿಕೆ ಸುಮಾರು 1 ಆಂಪಿಯರ್‌ವರೆಗೂ ಏರುತ್ತದೆ. ಉದ್ದದ ತೆಳು ಕೇಬಲ್, ಪವರ್ ಇಲ್ಲದ ಹಬ್, ಡೆಸ್ಕ್‌ಟಾಪ್‌ನ ಮುಂಭಾಗದ ಪೋರ್ಟ್ ಇವೆಲ್ಲ ವೋಲ್ಟೇಜ್ ಕುಸಿಯುವ ಜಾಗಗಳು. ಗಿಡ್ಡ ಕೇಬಲ್ ಹಾಕಿ ಮದರ್‌ಬೋರ್ಡ್‌ನ ಹಿಂಭಾಗದ ಪೋರ್ಟ್‌ಗೆ ನೇರ ಜೋಡಿಸಿ ನೋಡಬೇಕು. ಯುಎಸ್‌ಬಿ 3.0 ಡ್ರೈವ್‌ಗಳ ಅಗಲವಾದ ಮೈಕ್ರೋ ಬಿ ಪಿನ್ ಬೇಗ ಸಡಿಲವಾಗುತ್ತದೆ. ಕನೆಕ್ಟರ್ ಅನ್ನು ಮೆಲ್ಲಗೆ ಒತ್ತಿದಾಗ ಡಿಸ್ಕ್ ಬಂದುಹೋಗಿ ಮಾಡಿದರೆ ತೊಂದರೆ ಅಲ್ಲಿಯೇ. 3.5 ಇಂಚಿನವಕ್ಕೆ 12 ವೋಲ್ಟ್ ಅಡಾಪ್ಟರ್ ಬೇಕು, ವರ್ಷಗಳಾದ ಮೇಲೆ ಅದರೊಳಗಿನ ಕೆಪಾಸಿಟರ್‌ಗಳು ಸೊರಗುತ್ತವೆ. ಲೋಡ್ ಇಲ್ಲದೆ ಮಲ್ಟಿಮೀಟರ್ 12 ತೋರಿಸಿದರೂ ಮೋಟಾರ್ ಹೊರಟಾಗ ವೋಲ್ಟೇಜ್ ಬೀಳಬಹುದು. ಆದ್ದರಿಂದ ಅಳೆಯುವುದಕ್ಕಿಂತ ಅಷ್ಟೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್, ಅದೇ ಪೋಲಾರಿಟಿಯ ಬೇರೆ ಅಡಾಪ್ಟರ್ ಹಾಕಿ ನೋಡುವುದೇ ನಂಬಲರ್ಹ. ಇಷ್ಟಾದರೂ ಸದ್ದು ಹೋಗದಿದ್ದರೆ ಡಿಸ್ಕನ್ನು ಬದಿಗಿಡುತ್ತೇನೆ.

ಸದ್ದು ಸರಿಯಿದ್ದರೆ ಮುಂದಿನದು ಸಿಸ್ಟಮ್ ಲಾಗ್. ಇದಕ್ಕೆ ಡಿಸ್ಕ್ ಏನೂ ಹೆಚ್ಚುವರಿ ಕೆಲಸ ಮಾಡಬೇಕಿಲ್ಲ, ಸಿಗುವ ಮಾಹಿತಿಯೋ ಬೆಲೆಬಾಳುವಂಥದ್ದು. ಲಿನಕ್ಸ್‌ನ ಕರ್ನಲ್ ಲಾಗ್‌ನಲ್ಲಿ ‘ಮೀಡಿಯಂ ಎರರ್’, ‘ಅನ್‌ರಿಕವರ್ಡ್ ರೀಡ್ ಎರರ್’ ಎಂದು ಸೆಕ್ಟರ್ (ಡೇಟಾ ಇಡುವ ಸಣ್ಣ ತುಂಡು) ಸಂಖ್ಯೆಯ ಸಮೇತ ಬಂದಿದ್ದರೆ ದೋಷ ಪ್ಲ್ಯಾಟರ್‌ನದ್ದು ಅಥವಾ ಹೆಡ್‌ನದ್ದು. ಬರೀ ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂಬ ಸಾಲುಗಳಿದ್ದರೆ ನನ್ನ ಅನುಮಾನ ಮೊದಲು ಕೇಬಲ್, ಪವರ್ ಮತ್ತು ಬ್ರಿಡ್ಜ್ ಚಿಪ್ (ಪೆಟ್ಟಿಗೆಯೊಳಗೆ ಡಿಸ್ಕನ್ನು ಯುಎಸ್‌ಬಿಗೆ ಬೆಸೆಯುವ ಚಿಪ್) ಮೇಲೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು ‘ಡಿಸ್ಕ್’ ಮೂಲದ ಸಂದೇಶಗಳ ಐಡಿ ಸಂಖ್ಯೆಯನ್ನು ನೋಡಬೇಕು: 7 ಎಂದರೆ ಕೆಟ್ಟ ಬ್ಲಾಕ್, 153 ಎಂದರೆ ಓದು ಬರಹವನ್ನು ಮತ್ತೆ ಯತ್ನಿಸಬೇಕಾಯಿತು, 157 ಎಂದರೆ ಡಿಸ್ಕ್ ಹೇಳದೆ ಕೇಳದೆ ಕಳಚಿಕೊಂಡಿತು. ಎನ್‌ಟಿಎಫ್‌ಎಸ್ ಮೂಲದ 55 ಫೈಲ್ ಸಿಸ್ಟಮ್ ಕೆಟ್ಟಿದೆ ಎನ್ನುತ್ತದೆ. ಸುರಕ್ಷಿತವಾಗಿ ಇಜೆಕ್ಟ್ ಮಾಡದೆ ಕಿತ್ತ ಡಿಸ್ಕಿನಲ್ಲಿ 55 ಮಾತ್ರ ಕಂಡರೆ ಹಾರ್ಡ್‌ವೇರ್ ಚೆನ್ನಾಗಿಯೇ ಇರಬಹುದು. ಡಿಸ್ಕ್ ಇದ್ದಕ್ಕಿದ್ದಂತೆ ಸೆಕೆಂಡಿಗೆ 35-40 ಮೆಗಾಬೈಟ್‌ಗೆ ಇಳಿದು ಅಲ್ಲೇ ಸ್ಥಿರವಾಗಿ ನಿಂತಿದ್ದರೆ ಅದು ಯುಎಸ್‌ಬಿ 2.0ರ ಮಿತಿ. ಕೇಬಲ್‌ನ ಕೆಲವು ತಂತಿಗಳು ಸೋತು ಹಳೆಯ ವೇಗಕ್ಕೆ ಜಾರಿದೆ, ಅಷ್ಟೇ.

ಇನ್ನು ಸ್ಮಾರ್ಟ್ ದಾಖಲೆ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಅದು ಕಚ್ಚಾ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುವುದರಿಂದ ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್, ಚಿತ್ರರೂಪ ಬೇಕಿದ್ದವರಿಗೆ ಜಿಸ್ಮಾರ್ಟ್‌ಕಂಟ್ರೋಲ್. ಯುಎಸ್‌ಬಿ ಮೂಲಕ ಉತ್ತರ ಬಾರದಿದ್ದರೆ ಸ್ಮಾರ್ಟ್‌ಸಿಟಿಎಲ್‌ಗೆ ಡಿವೈಸ್ ಬಗೆ ‘ಸ್ಯಾಟ್’ ಎಂದು ಸ್ಪಷ್ಟವಾಗಿ ಹೇಳಿದರೆ ಬಹಳಷ್ಟು ಬ್ರಿಡ್ಜ್‌ಗಳು ದಾರಿ ಬಿಡುತ್ತವೆ. ಮ್ಯಾಕ್‌ನ ಡಿಸ್ಕ್ ಯುಟಿಲಿಟಿ ಯುಎಸ್‌ಬಿ ಡಿಸ್ಕಿನ ಸ್ಮಾರ್ಟ್ ಸ್ಥಿತಿಯನ್ನು ‘ಬೆಂಬಲವಿಲ್ಲ’ ಎಂದು ತೋರಿಸುವುದು ಮಾಮೂಲು, ಅದು ರೋಗದ ಲಕ್ಷಣವಲ್ಲ.

ಒಟ್ಟಾರೆ ಫಲಿತಾಂಶದಲ್ಲಿ ‘ಪಾಸ್ಡ್’ ಎಂದಿದ್ದರೆ ನೆಮ್ಮದಿ ಪಡಬೇಡಿ. ತಯಾರಕರೇ ಇಟ್ಟ ಮಿತಿಯನ್ನು ಯಾವ ಸಾಲೂ ದಾಟಿಲ್ಲ ಎಂಬುದಷ್ಟೇ ಅದರರ್ಥ, ಆ ಮಿತಿ ತೀರಾ ಸಡಿಲ. ನಾನು ನೋಡುವುದು ಕಚ್ಚಾ ಸಂಖ್ಯೆಗಳನ್ನು, ಅದರಲ್ಲೂ 5, 197, 198 ಎಂಬ ಕ್ರಮಸಂಖ್ಯೆಯ ಮೂರು ಸಾಲುಗಳನ್ನು. 197 ಪೆಂಡಿಂಗ್ ಸೆಕ್ಟರ್‌ಗಳ ಎಣಿಕೆ: ಓದಲು ಸೋತು, ಮುಂದೆ ಬರೆಯುವಾಗ ತೀರ್ಮಾನಿಸೋಣ ಎಂದು ಡಿಸ್ಕ್ ಗುರುತು ಹಾಕಿಕೊಂಡವು. 5 ರೀಅಲೊಕೇಟೆಡ್, ಅಂದರೆ ಕೈಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದವು. 198 ಡಿಸ್ಕ್ ಬಿಡುವಾಗಿದ್ದಾಗ ತಾನೇ ಪರೀಕ್ಷಿಸಿಕೊಂಡು ಓದಲಾಗದೆ ಬಿಟ್ಟವು. ಕೆಲವು ಡ್ರೈವ್‌ಗಳಲ್ಲಿ 197 ಏರುವುದು 8, 16, 24 ಎಂದು. 4096 ಬೈಟ್‌ನ ಒಂದು ಭೌತಿಕ ಸೆಕ್ಟರ್ ಕೆಟ್ಟರೆ 512 ಬೈಟ್‌ನ 8 ತಾರ್ಕಿಕ ಸೆಕ್ಟರ್ ಹೋದಂತೆ, ಹಾಗಾಗಿ 8 ಕಂಡಲ್ಲಿ ಗಾಯ ಒಂದೇ ಇರಬಹುದು.

ಪೆಂಡಿಂಗ್ ಇದ್ದಮಾತ್ರಕ್ಕೆ ಡಿಸ್ಕ್ ಸತ್ತಿತೆಂದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಜೊತೆಗೆ 192ನೇ ಸಾಲನ್ನೂ ನೋಡಬೇಕು. ಪವರ್ ಹಠಾತ್ತಾಗಿ ಹೋಗಿ ಹೆಡ್ ತುರ್ತಾಗಿ ಹಿಂದೆ ಸರಿಯಬೇಕಾದ ಸಂದರ್ಭಗಳ ಲೆಕ್ಕ ಅದು. ಅದು ಹೆಚ್ಚಿದ್ದು, 5 ಸೊನ್ನೆಯಿದ್ದು, ಪೆಂಡಿಂಗ್ ಬೆರಳೆಣಿಕೆಯಷ್ಟಿದ್ದರೆ, ಬರೆಯುತ್ತಿರುವಾಗಲೇ ಕೇಬಲ್ ಕಿತ್ತಿದ್ದರಿಂದ ಅರೆಬರೆಯಾಗಿ ಉಳಿದ ಸೆಕ್ಟರ್‌ಗಳಿರಬಹುದು. ಅವುಗಳ ಮೇಲೆ ಹೊಸದಾಗಿ ಬರೆದರೆ ಸರಿಯಾಗುತ್ತವೆ. 5 ಮತ್ತು 197 ಜೊತೆಜೊತೆಯಾಗಿ, ನೋಡಿದಾಗಲೆಲ್ಲ ಏರುತ್ತಿದ್ದರೆ ಕಥೆ ಬೇರೆ. 10ನೇ ಸಾಲಿನ ಸ್ಪಿನ್ ರೀಟ್ರೈ ಸೊನ್ನೆ ಬಿಟ್ಟು ಮೇಲೆದ್ದಿದ್ದರೆ ಒಂದೋ ಪವರ್ ಸಾಲದು, ಇಲ್ಲವೇ ಮೋಟಾರ್ ಸೋತಿದೆ.

ವೃಥಾ ಹೆದರಿಸುವ ಸಾಲುಗಳೂ ಇವೆ. ಸೀಗೇಟ್ ಡ್ರೈವ್‌ಗಳ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. 7ರಲ್ಲಿ ಕೆಳಗಿನ 32 ಬಿಟ್ ಒಟ್ಟು ಸೀಕ್‌ಗಳ (ಹೆಡ್ ಜಾಗ ಬದಲಿಸಿದ ಸಲಗಳ) ಎಣಿಕೆ, ದೋಷ ಇರುವುದು ಅದರ ಮೇಲಿನ 16 ಬಿಟ್‌ನಲ್ಲಿ. 199ನೇ ಸಾಲಿನ ಸಿಆರ್‌ಸಿ ದೋಷ (ಡೇಟಾ ಸಾಗುವಾಗ ಕೆಟ್ಟ ಲೆಕ್ಕ) ಏರಿದರೆ ಯುಎಸ್‌ಬಿ ಕೇಬಲ್ ಬದಲಿಸಿ ಎಂದು ಹೇಳುವವರಿದ್ದಾರೆ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಅದು ಅಳೆಯುವುದು ಪೆಟ್ಟಿಗೆಯೊಳಗೆ ಬ್ರಿಡ್ಜ್ ಮತ್ತು ಡಿಸ್ಕ್ ನಡುವಿನ ಸಾಟಾ ಸಂಪರ್ಕವನ್ನು, ಹೊರಗಿನ ಕೇಬಲ್‌ನ ತಪ್ಪು ಅಲ್ಲಿ ದಾಖಲಾಗುವುದಿಲ್ಲ.

ದಾಖಲೆ ಪೂರ್ತಿ ಚೊಕ್ಕಟವಾಗಿದ್ದರೂ ಡಿಸ್ಕ್ ನಾಳೆ ನಿಲ್ಲಬಹುದು. ಗೂಗಲ್ ಸಂಶೋಧಕರು ತಮ್ಮ ಡೇಟಾ ಸೆಂಟರ್‌ಗಳ ಡಿಸ್ಕ್‌ಗಳ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ 56 ಶೇಕಡಾಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅದೇ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ದೋಷ (ಮೇಲ್ಮೈ ತಪಾಸಣೆಯಲ್ಲಿ ಸಿಕ್ಕ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದವಕ್ಕಿಂತ 39 ಪಟ್ಟು ಹೆಚ್ಚಿತ್ತು. ಆದ್ದರಿಂದ ಸ್ಮಾರ್ಟ್ ‘ಕೆಟ್ಟಿದೆ’ ಎಂದರೆ ನಂಬುತ್ತೇನೆ, ‘ಚೆನ್ನಾಗಿದೆ’ ಎಂದರೆ ನಂಬುವುದಿಲ್ಲ.

ಇಲ್ಲಿಗೆ ಪರೀಕ್ಷೆ ನಿಲ್ಲಿಸಿ ಡೇಟಾ ತೆಗೆಯಬೇಕು. ದೋಷ ಕಡಿಮೆಯಿದ್ದರೆ ಫೈಲ್‌ಗಳನ್ನೇ ಕಾಪಿ ಮಾಡಬಹುದು, ಬೇರೆಲ್ಲೂ ಸಿಗದ ಫೋಟೋ ಮತ್ತು ದಾಖಲೆಗಳು ಮೊದಲು, ಮತ್ತೆ ಡೌನ್‌ಲೋಡ್ ಮಾಡಬಹುದಾದವು ಕೊನೆಗೆ. ವಿಂಡೋಸ್‌ನ ರೋಬೋಕಾಪಿ ಒಳ್ಳೆಯದೇ, ಆದರೆ ನಾವು ಏನೂ ಹೇಳದಿದ್ದರೆ ಓದಲಾಗದ ಫೈಲನ್ನು ಅದು 10 ಲಕ್ಷ ಬಾರಿ, ಪ್ರತಿ ಸಲ 30 ಸೆಕೆಂಡ್ ಬಿಟ್ಟು ಮತ್ತೆ ಯತ್ನಿಸುತ್ತದೆ. ಮರುಯತ್ನವನ್ನು ಸೊನ್ನೆಗೆ ಇಳಿಸಿಯೇ ಓಡಿಸಬೇಕು.

ಓದುವ ದೋಷಗಳು ಹತ್ತಾರು ಕಡೆ ಇದ್ದರೆ ಫೈಲ್ ಕಾಪಿ ಬಿಟ್ಟು ಡಿಡಿರೆಸ್ಕ್ಯೂ ಹಿಡಿಯುತ್ತೇನೆ. ಅದು ಇಡೀ ಡಿಸ್ಕನ್ನು ಸೆಕ್ಟರ್ ಲೆಕ್ಕದಲ್ಲಿ ಇಮೇಜ್ ಫೈಲ್‌ಗೆ ಇಳಿಸುತ್ತದೆ, ತೊಡಕಿನ ಜಾಗ ಬಂದರೆ ಹಾರಿ ಮುಂದಕ್ಕೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ‘ಎನ್’ ಆಯ್ಕೆ ಕೊಟ್ಟು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ ‘ಆರ್ 3’ ಕೊಟ್ಟರೆ ಬಿಟ್ಟುಹೋದ ಜಾಗಗಳನ್ನು ಮೂರು ಬಾರಿ ಮತ್ತೆ ಯತ್ನಿಸುತ್ತದೆ. ಓದಿದ, ಬಿಟ್ಟ ಜಾಗಗಳ ಲೆಕ್ಕವಿಡುವ ಮ್ಯಾಪ್ ಫೈಲ್‌ನ ಹೆಸರು ಕೊಡುವುದನ್ನು ಮರೆಯಬಾರದು. ಅದಿದ್ದರೆ ಡಿಸ್ಕ್ ನಡುವೆ ಕಳಚಿಕೊಂಡರೂ ನಿಲ್ಲಿಸಿದಲ್ಲಿಂದ ಮುಂದುವರಿಯಬಹುದು, ಇಲ್ಲದಿದ್ದರೆ ಓದಿದ್ದನ್ನೇ ಮತ್ತೆ ಓದಿಸಬೇಕಾಗುತ್ತದೆ. ಮೂಲ ಡಿಸ್ಕಿನ ಪೂರ್ಣ ಗಾತ್ರದಷ್ಟು ಖಾಲಿ ಜಾಗ ಬೇಕು, ಗುರಿಯ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಗಿಗಾಬೈಟ್ ಮಿತಿಗೆ ಸಿಕ್ಕಿಬೀಳುತ್ತದೆ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಡಿಸ್ಕಿನ ಸೀರಿಯಲ್ ಸಂಖ್ಯೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಬೇಕು. ಚೆಕ್‌ಡಿಸ್ಕ್‌ನಂಥ ರಿಪೇರಿಯನ್ನು ಇಮೇಜ್‌ನ ಮತ್ತೊಂದು ಪ್ರತಿಯ ಮೇಲೆ ಮಾಡಬೇಕೇ ಹೊರತು ಮೂಲದ ಮೇಲಲ್ಲ. ಅದು ಫೈಲ್ ಸಿಸ್ಟಮ್ ಸರಿಪಡಿಸುವ ಭರದಲ್ಲಿ ಓದಲಾಗದ ಫೋಲ್ಡರ್‌ಗಳ ನಮೂದುಗಳನ್ನೇ ತೆಗೆದುಹಾಕಬಹುದು.

ಡಿಸ್ಕನ್ನು ಪೆಟ್ಟಿಗೆಯಿಂದ ಬಿಡಿಸಿ ಕಂಪ್ಯೂಟರ್‌ನ ಸಾಟಾ ಪೋರ್ಟ್‌ಗೆ ನೇರ ಹಾಕಿದರೆ ಬ್ರಿಡ್ಜ್‌ನ ದೋಷವೋ ಡಿಸ್ಕ್‌ನದ್ದೋ ಎಂಬುದು ಇತ್ಯರ್ಥವಾಗುತ್ತದೆ. ಆದರೆ ಹಲವು 2.5 ಇಂಚಿನ ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಬೋರ್ಡ್‌ಗೇ ಬೆಸುಗೆಯಾಗಿದ್ದು ಸಾಟಾ ಇರುವುದೇ ಇಲ್ಲ. ಕೆಲವು ಬ್ರಿಡ್ಜ್‌ಗಳು ಪಾಸ್‌ವರ್ಡ್ ಇಡದಿದ್ದರೂ ಎನ್‌ಕ್ರಿಪ್ಟ್ ಮಾಡಿಯೇ ಬರೆಯುತ್ತವೆ, ಇನ್ನು ಕೆಲವು ಸೆಕ್ಟರ್ ಗಾತ್ರವನ್ನು 4096 ಎಂದು ಬದಲಿಸಿ ತೋರಿಸುತ್ತವೆ. ಅಂಥವನ್ನು ಹೊರತೆಗೆದಾಗ ಡಿಸ್ಕ್ ಖಾಲಿಯಂತೆ ಕಂಡರೆ ಗಾಬರಿಯಾಗಿ ಪಾರ್ಟಿಷನ್ ಮಾಡಬೇಡಿ, ಅದೇ ಬ್ರಿಡ್ಜ್‌ಗೆ ಮರಳಿಸಿ.

ಡೇಟಾ ಬೇರೆಡೆ ಸೇರಿ, ಕೆಲವು ಫೈಲ್‌ಗಳನ್ನು ತೆರೆದು ನೋಡಿದ ಮೇಲೆ ಕಠಿಣ ಪರೀಕ್ಷೆ. ಇದು ಸ್ಮಾರ್ಟ್‌ಸಿಟಿಎಲ್‌ನಂಥ ಸಾಧನದಿಂದ ಹೇಳಿದಾಗ ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಶಾರ್ಟ್ ಟೆಸ್ಟ್ ಸುಮಾರು 2 ನಿಮಿಷದ್ದು, ಅದು ಪಾಸಾದರೆ ವಿಶೇಷವೇನಿಲ್ಲ. ಲಾಂಗ್ ಟೆಸ್ಟ್ ಇಡೀ ಮೇಲ್ಮೈ ಓದುತ್ತದೆ, ಎಷ್ಟು ನಿಮಿಷ ಬೇಕೆಂದು ಡಿಸ್ಕ್ ತಾನೇ ಹೇಳುತ್ತದೆ. ಯುಎಸ್‌ಬಿಯಲ್ಲಿ ಇದಕ್ಕೆ ಅಡ್ಡಿ ಬ್ರಿಡ್ಜ್‌ನ ನಿದ್ದೆ: ಕಂಪ್ಯೂಟರ್‌ನಿಂದ ಓಡಾಟವಿಲ್ಲವೆಂದು ಡಿಸ್ಕನ್ನು ಮಲಗಿಸಿಬಿಡುತ್ತದೆ, ಲಾಗ್‌ನಲ್ಲಿ ‘ಅಬಾರ್ಟೆಡ್’ ಅಥವಾ ‘ಇಂಟರಪ್ಟೆಡ್’ ಎಂದು ಉಳಿಯುತ್ತದೆ. ಅದು ಡಿಸ್ಕಿನ ಸೋಲಲ್ಲ. ನಿಮಿಷಕ್ಕೊಮ್ಮೆ ಯಾವುದಾದರೂ ಸೆಕ್ಟರ್ ಓದಿಸುವ ಸಣ್ಣ ಸ್ಕ್ರಿಪ್ಟ್ ಓಡುತ್ತಿದ್ದರೆ ಪರೀಕ್ಷೆ ಮುಗಿಯುತ್ತದೆ. ‘ರೀಡ್ ಫೇಲ್ಯೂರ್’ ಎಂದು ಬಂದರೆ ಮಾತ್ರ ನಿಜವಾದ ಸೋಲು, ಪಕ್ಕದಲ್ಲಿ ಮೊದಲು ಎಡವಿದ ಸೆಕ್ಟರ್‌ನ ವಿಳಾಸವಿರುತ್ತದೆ.

ಓದುವ ವೇಗದ ಗ್ರಾಫ್ ಕೂಡ ಬಹಳ ಹೇಳುತ್ತದೆ. ಹೊರ ಟ್ರ್ಯಾಕ್‌ನಿಂದ ಒಳಕ್ಕೆ ಹೋದಂತೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ತಟ್ಟೆಯ ಜ್ಯಾಮಿತಿ. ಪ್ರತಿ ಸಲವೂ ಅದೇ ಜಾಗದಲ್ಲಿ ಗುಂಡಿ ಬೀಳುತ್ತಿದ್ದರೆ ಅಲ್ಲಿನ ಸೆಕ್ಟರ್‌ಗಳನ್ನು ಡಿಸ್ಕ್ ಮತ್ತೆ ಮತ್ತೆ ಓದುತ್ತಿದೆ, ಸ್ಮಾರ್ಟ್ ಇನ್ನೂ ಬಾಯಿ ಬಿಡದಿದ್ದರೂ ಸರಿ. ಬರೆಯುವಾಗ ಮಾತ್ರ ವೇಗ ಕುಸಿದರೆ ಅಪರಾಧಿ ಎಸ್‌ಎಂಆರ್ ಆಗಿರಬಹುದು. ಟ್ರ್ಯಾಕ್‌ಗಳನ್ನು ಒಂದರ ಅಂಚಿನ ಮೇಲೊಂದು ಹಂಚು ಹೊದಿಸಿದಂತೆ ಬರೆಯುವ ಈ ಡಿಸ್ಕ್‌ಗಳು ಕ್ಯಾಶ್ ತುಂಬಿದ ಮೇಲೆ ಏದುಸಿರು ಬಿಡುತ್ತವೆ, ಅದು ಅವುಗಳ ಸ್ವಭಾವ.

ಕೊನೆಯದಾಗಿ ಪೂರ್ತಿ ಡಿಸ್ಕಿಗೆ ಸೊನ್ನೆ ಬರೆಯುತ್ತೇನೆ. ವಿಂಡೋಸ್‌ನಲ್ಲಿ ಕ್ವಿಕ್ ಎಂಬ ಗುರುತು ತೆಗೆದು ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಷನ್‌ಗೆ ಇದೇ ಕೆಲಸ ಆಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ಲೆಕ್ಕದಲ್ಲಿ 2 ಟೆರಾಬೈಟ್‌ಗೆ ಸುಮಾರು ಐದೂವರೆ ಗಂಟೆ. ಮತ್ತೆ ಲಾಂಗ್ ಟೆಸ್ಟ್, ಮತ್ತೆ ಅದೇ ಮೂರು ಸಾಲು. 197 ಸೊನ್ನೆಗೆ ಬಂದು 5 ಅಲುಗದಿದ್ದರೆ ಅವು ಅರೆಬರೆ ಬರಹದ ಸೆಕ್ಟರ್‌ಗಳಾಗಿದ್ದವು, ಡಿಸ್ಕನ್ನು ಎರಡನೆಯ ಬ್ಯಾಕಪ್ ಆಗಿ ಬಳಸಬಹುದು. 5 ಒಂದಿಷ್ಟು ಏರಿ ನಿಂತರೆ ದಿನಾಂಕದ ಜೊತೆ ಬರೆದಿಟ್ಟು ತಿಂಗಳ ನಂತರ ಮತ್ತೆ ನೋಡುತ್ತೇನೆ, ಅಲ್ಲಿಯವರೆಗೆ ಅದರಲ್ಲಿರುವ ಯಾವುದೂ ಏಕೈಕ ಪ್ರತಿ ಆಗಿರಬಾರದು. ಬರೆದು ಮುಗಿದ ಕೂಡಲೇ ಹೊಸ ಪೆಂಡಿಂಗ್ ಹುಟ್ಟಿದರೆ ಆ ಡಿಸ್ಕಿಗೆ ನಿವೃತ್ತಿ. ಸೊನ್ನೆ ಬರೆಯಲೂ ಒಪ್ಪದ ಡಿಸ್ಕಿನಲ್ಲಿ ಹಳೆಯ ಡೇಟಾ ಹಾಗೆಯೇ ಉಳಿದಿರುತ್ತದೆ, ಇ-ತ್ಯಾಜ್ಯಕ್ಕೆ ಕೊಡುವ ಮುನ್ನ ಪ್ಲ್ಯಾಟರ್‌ಗಳನ್ನು ಕೊರೆದು ತೂತು ಮಾಡಬೇಕು. 2.5 ಇಂಚಿನ ಹಲವು ಡಿಸ್ಕ್‌ಗಳ ಪ್ಲ್ಯಾಟರ್ ಗಾಜಿನದ್ದು, ಕೊರೆಯುವಾಗ ಚೂರಾಗಿ ಸಿಡಿಯುತ್ತದೆ. ಕವಚ ತೆಗೆಯದೆ ಮೇಲಿನಿಂದಲೇ ಕೊರೆಯಿರಿ, ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ.