ವಾರ್ಡಿನ ಜ್ವರದ ಜಾಡು ಹಿಡಿಯುವುದು ಹೇಗೆ?

ಮಳೆ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಜ್ವರದ ಸುದ್ದಿ ಶುರುವಾಗುತ್ತದೆ. ಹೆಚ್ಚಿನದು ಮೂರು ದಿನದ ಶೀತಜ್ವರ. ಅದರ ನಡುವೆ ಡೆಂಗಿ, ಚಿಕುನ್‌ಗುನ್ಯ ಎಲ್ಲಿ ಸೇರಿಕೊಂಡಿದೆ ಎಂದು ತಿಳಿಯಲು ಆಸ್ಪತ್ರೆಯ ಲೆಕ್ಕ ಬರುವವರೆಗೆ ಕಾದರೆ ತಡವಾಗುತ್ತದೆ. ಡೆಂಗಿ ವೈರಸ್ ಹೊಕ್ಕ ನಾಲ್ವರಲ್ಲಿ ಸುಮಾರು ಒಬ್ಬರಷ್ಟೇ ಮಲಗುತ್ತಾರೆ. ಉಳಿದವರು ಅಡಿಕೆ ಹೆಕ್ಕುತ್ತಾ ಓಡಾಡಿಕೊಂಡೇ ಇರುತ್ತಾರೆ, ಅವರಿಂದಲೂ ಸೊಳ್ಳೆಗೆ ವೈರಸ್ ದಾಟಬಹುದು. ಹಾಗಾಗಿ ಒಂದು ಮನೆಯ ಜ್ವರವನ್ನು ಒಂದೇ ಮನೆಯದೆಂದು ಬಿಡುವಂತಿಲ್ಲ.

ಆಶಾ ಕಾರ್ಯಕರ್ತೆ, ಕುಟುಂಬಶ್ರೀಯ ಅಯಲ್ಕೂಟ (ನೆರೆಮನೆಯ ಹೆಂಗಸರ ಗುಂಪು), ವಾರ್ಡ್ ಸದಸ್ಯರು ಸೇರಿದರೆ ಈ ಕೆಲಸಕ್ಕೆ ಒಂದು ನೋಟ್‌ಪುಸ್ತಕ ಸಾಕು.

ಮೊದಲು ದಿನ ಬರೆಯಿರಿ

ಮನೆ ನಂಬ್ರ, ವಯಸ್ಸು, ಜ್ವರ ಹಿಡಿದ ದಿನ, ಹಿಂದಿನ ಎರಡು ವಾರ ಎಲ್ಲೆಲ್ಲಿ ಇದ್ದರು, ಯಾವ ಪರೀಕ್ಷೆ, ಏನು ಫಲ: ಇಷ್ಟು ಕಾಲಂ. ಇದರಲ್ಲಿ ಮೂರನೆಯದು ತಪ್ಪಿದರೆ ಉಳಿದದ್ದು ಬರೆದೂ ಪ್ರಯೋಜನ ಕಡಿಮೆ. ಡಾಕ್ಟರರಲ್ಲಿಗೆ ಹೋದ ದಿನವಲ್ಲ, ಮೈ ಬಿಸಿಯಾದ ದಿನ ಬೇಕು. "ಅಕ್ಕಾ, ಜ್ವರ ಯಾವಾಗ ಹಿಡಿದದ್ದು?" ಎಂದರೆ "ಮೊನ್ನೆ" ಎಂಬ ಉತ್ತರವೇ ಬರುತ್ತದೆ, ಆ ಮೊನ್ನೆ ಎರಡು ದಿನವೂ ಆಗಬಹುದು, ಆರು ದಿನವೂ ಆಗಬಹುದು. ಅಜ್ಜನ ತಿಥಿಗೆ ಮೊದಲೋ ಆಮೇಲೋ, ಪಕ್ಕದ ಮನೆಯ ಮದುವೆಗೆ ಹೋಗಿದ್ದಾಗ ಸರಿ ಇದ್ದಿರಾ ಎಂದು ಕೇಳಿ ನೋಡಿ, ತಾರೀಕು ತಾನಾಗಿ ಸಿಗುತ್ತದೆ.

ಪರೀಕ್ಷೆ ನಿಂತಿರುವುದೂ ಈ ದಿನದ ಮೇಲೆಯೇ. ಮೊದಲ ಐದು ದಿನದೊಳಗಾದರೆ ರಕ್ತದಲ್ಲಿ ಎನ್‌ಎಸ್1 ಎಂಬ ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುತ್ತಾರೆ. ಐದು ದಿನ ದಾಟಿದ ಮೇಲೆ, ವೈರಸ್ ವಿರುದ್ಧ ದೇಹ ಆ ಹೊತ್ತಿಗೆ ಮಾಡತೊಡಗುವ ಐಜಿಎಂ ಪ್ರತಿಕಾಯವನ್ನು ಲ್ಯಾಬಿನಲ್ಲಿ ಹುಡುಕುವ ಎಲೈಸಾ ಪರೀಕ್ಷೆ. ಎರಡನೇ ದಿನವೇ ಐಜಿಎಂ ಮಾಡಿಸಿ "ನೆಗೆಟಿವ್ ಬಂತು, ಡೆಂಗಿ ಅಲ್ಲ" ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ದುಡ್ಡು ಕೊಟ್ಟು ಕೊಂಡ ಸುಳ್ಳು ಧೈರ್ಯ ಅದು. ಇನ್ನೊಂದು ಕಡೆ, ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ ಆಟಿ ತಿಂಗಳ (ಆಷಾಢದ) ಪಾಸಿಟಿವ್ ಬೇಸಗೆ ಕೊನೆಯ ಸೋಂಕಿನದೂ ಆಗಿರಬಹುದು. ಕಾರ್ಡಿನಲ್ಲಿ ಗೆರೆ ನೋಡುವ ರ‍್ಯಾಪಿಡ್ ಟೆಸ್ಟಿನ ಫಲವನ್ನು ಪುಸ್ತಕದಲ್ಲಿ ಬೇರೆಯೇ ಗುರುತು ಹಾಕಿ ಬರೆಯಿರಿ. ಖಚಿತಕ್ಕೆ ಎಲೈಸಾ ಬೇಕು. ಸರಕಾರಿ ಲ್ಯಾಬುಗಳಿಗೆ ಐಜಿಎಂ ಕಿಟ್ ಹೋಗುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ.

ಗಂಟುಗಳು ಹಿಡಿದುಕೊಂಡು ಏಳಲಾಗದಿದ್ದರೆ ಚಿಕುನ್‌ಗುನ್ಯದ ಪರೀಕ್ಷೆಯನ್ನೂ ಕೇಳಿ. ಮೂರು ದಶಕ ಮರೆಯಾಗಿದ್ದ ಆ ಕಾಯಿಲೆ 2006ರಲ್ಲಿ ದೇಶಕ್ಕೆ ಮರಳಿ ಬಂದದ್ದು ನಮ್ಮ ಕಡೆಯ ಹಿರಿಯರ ಮೊಣಕಾಲಿಗೆ ಚೆನ್ನಾಗಿ ನೆನಪಿದೆ. ಗರ್ಭಿಣಿಗೆ ಜ್ವರದೊಂದಿಗೆ ಮೈಮೇಲೆ ಕೆಂಪು ದಡಿಕೆ ಬಂದರೆ ಡೆಂಗಿಯ ಸೊಳ್ಳೆಯೇ ಹರಡುವ ಝಿಕಾ ವೈರಸ್ ಕೂಡ ಲೆಕ್ಕದಲ್ಲಿರಲಿ. 2021ರ ಜುಲೈಯಲ್ಲಿ ಅದು ತಿರುವನಂತಪುರದಲ್ಲಿ ಕಾಣಿಸಿತ್ತು. ಕೆಸರು ಗದ್ದೆಯಲ್ಲಿ, ಚರಂಡಿಯಲ್ಲಿ ಕೆಲಸ ಮಾಡಿದವರ ಜ್ವರ ಇಲಿಜ್ವರವೂ ಇದ್ದೀತು. ಅದಕ್ಕೆ ಸೊಳ್ಳೆ ಕಾರಣವಲ್ಲ, ಆದರೆ ಕಾಯುವಷ್ಟು ಸಮಯ ಕೊಡುವುದಿಲ್ಲ.

ತಲಪಾಡಿ ಗಡಿ ದಾಟಿದ ಜ್ವರ

ಗಡಿನಾಡಿನ ಲೆಕ್ಕ ಸೋರುವುದು ಇಲ್ಲಿ. ಮಂಜೇಶ್ವರ, ಉಪ್ಪಳ, ಕುಂಬಳೆಯವರು ಸ್ವಲ್ಪ ಜೋರಾದರೆ ಮಂಗಳೂರಿಗೆ, ದೇರಳಕಟ್ಟೆಗೆ ಹೋಗುತ್ತಾರೆ. ಅಲ್ಲಿ ಚೀಟಿ ಮಾಡಿಸುವಾಗ ಹತ್ತಿರವೆಂದು ಅಣ್ಣನ ಮನೆಯ ವಿಳಾಸ ಕೊಡುತ್ತಾರೆ. ಪಾಸಿಟಿವ್ ಬಂದರೆ ಮಾಹಿತಿ ಅಣ್ಣನ ಊರಿಗೆ ಹೋಗುತ್ತದೆ, ಅಲ್ಲಿನವರು ಬಂದು ಅಣ್ಣನ ಹೂಕುಂಡ ನೋಡುತ್ತಾರೆ. ವೈರಸ್ ಹೊತ್ತ ಸೊಳ್ಳೆ ಮಾತ್ರ ಪೈವಳಿಕೆಯ ತೋಟದಲ್ಲಿ ಆರಾಮವಾಗಿರುತ್ತದೆ. ಆದ್ದರಿಂದ ಚೀಟಿಯಲ್ಲಿ ಪಂಚಾಯತು, ವಾರ್ಡು ಸಮೇತ ಸ್ವಂತ ವಿಳಾಸ ಬರೆಸಿ. ವರದಿಯ ಫೋಟೋವನ್ನು ಅಂದೇ ನಿಮ್ಮ ಆಶಾ ಕಾರ್ಯಕರ್ತೆಗೋ ಕುಟುಂಬ ಆರೋಗ್ಯ ಕೇಂದ್ರದ ಹೆಲ್ತ್ ಇನ್‌ಸ್ಪೆಕ್ಟರರಿಗೋ ಕಳುಹಿಸಿ. ವಾರ್ಡಿನ ವಾಟ್ಸಾಪ್ ಗುಂಪಿಗೆ ಬೇಡ. ಹೆಸರು ಹೊರಬಿದ್ದರೆ ಮುಂದಿನ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ.

ಹಿಂದಿನ ಎರಡು ವಾರದ ಓಡಾಟ ಕೇಳುವುದೂ ಇದಕ್ಕೇ. ಕಚ್ಚಿದ ನಾಲ್ಕರಿಂದ ಹತ್ತು ದಿನಕ್ಕೆ ಡೆಂಗಿ ಜ್ವರ ಕಾಣಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಮನೆಯಲ್ಲೇ ಇದ್ದ ಅಜ್ಜಿಗೆ ಡೆಂಗಿ ಬಂದಿದ್ದರೆ ಸೊಳ್ಳೆ ಅಂಗಳದ್ದೇ ಎನ್ನಬಹುದು. ಬೆಂಗಳೂರಿನಿಂದ ರಜೆಗೆ ಬಂದ ಮಗನದ್ದಾದರೆ ವಿಚಾರ ಬೇರೆ.

ನಕ್ಷೆ, ಆಮೇಲೆ ಹುಡುಕಾಟ

ವಾರ್ಡಿನ ದಾರಿ, ಮನೆಗಳನ್ನು ಕೈಯಲ್ಲೇ ಬಿಡಿಸಿ ಜ್ವರದ ಮನೆಗಳಿಗೆ ಚುಕ್ಕೆ ಇಡಿ. ಎರಡು ವಾರದೊಳಗೆ ಅಕ್ಕಪಕ್ಕ ಎರಡು ಚುಕ್ಕೆ ಬಿದ್ದರೆ ಮೂರನೆಯದಕ್ಕೆ ಕಾಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ಹುಟ್ಟಿದಲ್ಲಿಂದ ಕೆಲವು ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ಹುಡುಕಬೇಕಾದ ಜಾಗ ಸಣ್ಣದೇ.

ಆದರೆ ಹುಡುಕಬೇಕಾದ ವಸ್ತುಗಳು ಪೇಟೆಯವಲ್ಲ. ಪೇಟೆಯ ಕರಪತ್ರ ಹೂಕುಂಡ, ಟಯರು, ಫ್ರಿಜ್ಜಿನ ಹಿಂದಿನ ಟ್ರೇ ಎನ್ನುತ್ತದೆ. ಅವೂ ಇರಲಿ. ತೋಟದಲ್ಲಿ ನೋಡಬೇಕಾದ್ದು ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆ, ಇಲಿ ಅಳಿಲು ತಿಂದು ಬಿಟ್ಟ ಕೊಕ್ಕೋ ಕಾಯಿ, ಎಳನೀರಿನ ಬೊಂಡ, ಕಟ್ಟಿಗೆಗೆ ಹೊದೆಸಿದ ಟಾರ್ಪಾಲಿನ ಮಡಿಕೆ. ಮತ್ತೆ ಅಡಿಕೆಗೆ ಮದ್ದು ಬಿಟ್ಟು ತೊಳೆದಿಟ್ಟ ಡ್ರಮ್ಮು: ಮುಂದಿನ ಸಲ ಮದ್ದು ಬಿಡುವಷ್ಟರಲ್ಲಿ ಅದರಲ್ಲಿ ಮಳೆನೀರು ತುಂಬಿ ಹಲವು ತಲೆಮಾರಿನ ಸೊಳ್ಳೆ ಹಾರಿಹೋಗಿರುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೂ ಪಾತ್ರೆಯ ಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕುವುದರಿಂದ ಉಜ್ಜಿ ತೊಳೆಯಬೇಕು.

ನೋಡಿದ್ದನ್ನು ಲೆಕ್ಕ ಹಾಕುವುದು ಸುಲಭ. 50 ಮನೆ ನೋಡಿ 6 ಮನೆಯಲ್ಲಿ ಸೊಳ್ಳೆಯ ಮರಿಹುಳು ಸಿಕ್ಕಿದರೆ ನೂರು ಮನೆಗೆ 12, ಇದು ಮನೆ ಸೂಚ್ಯಂಕ. ಆ ಮನೆಗಳಲ್ಲಿ ಹುಳು ಇದ್ದ ಪಾತ್ರೆಗಳು 9 ಆದರೆ ನೂರು ಮನೆಗೆ 18, ಇದು ಬ್ರೆಟೋ ಸೂಚ್ಯಂಕ. ಪ್ರತಿ ವಾರ ಅದೇ ಮನೆಗಳನ್ನು ನೋಡಿ, ಸಂಖ್ಯೆ ಇಳಿಯುತ್ತಿದೆಯೇ ಎಂದು ಹೋಲಿಸಿ. ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ ಎಂದು ವಾರಕ್ಕೊಮ್ಮೆ ನಿಂತ ನೀರು ಚೆಲ್ಲುವ ಕೇರಳದ ಡ್ರೈ ಡೇ ಕ್ರಮಕ್ಕೆ ಈ ಎಣಿಕೆಯನ್ನೂ ಸೇರಿಸಿಕೊಂಡರೆ ಬೇರೆ ದಿನ ಬೇಡ.

ಇಷ್ಟರ ನಡುವೆ ಮಲಗಿದವರನ್ನು ಮರೆಯಬಾರದು. ಈಡಿಸ್ ಹಗಲು ಕಚ್ಚುತ್ತದೆ, ಆದ್ದರಿಂದ ಜ್ವರದವರಿಗೆ ಹಗಲಲ್ಲೇ ಸೊಳ್ಳೆಪರದೆ ಕಟ್ಟಿ. ಪ್ಯಾರಸಿಟಮಾಲ್ ಕೊಡಬಹುದು, ಆದರೆ ಐಬುಪ್ರೊಫೇನ್, ಆಸ್ಪಿರಿನ್ ನೀವಾಗಿ ಕೊಡಬೇಡಿ. ಜ್ವರ ಇಳಿಯುವ ಮೂರರಿಂದ ಏಳನೇ ದಿನದ ನಡುವೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಪುಸ್ತಕ ಬದಿಗಿಟ್ಟು ಗಾಡಿ ಕರೆಯಿರಿ.

ಕೊನೆಯ ರೋಗಿ ಎದ್ದು ಓಡಾಡಿದ ಕೂಡಲೇ ಬರೆಯುವುದನ್ನು ನಿಲ್ಲಿಸಬೇಡಿ. ವೈರಸ್ ಸೊಳ್ಳೆಯೊಳಗೆ ಪಕ್ವವಾಗಲು 8ರಿಂದ 12 ದಿನ, ಮತ್ತೊಬ್ಬರಲ್ಲಿ ಜ್ವರವಾಗಲು ಇನ್ನೂ 10 ದಿನದವರೆಗೆ ಹಿಡಿಯುತ್ತದೆ. ಇನ್ನೊಂದು ತಿಂಗಳು ಚುಕ್ಕೆ ಬೀಳದಿದ್ದರೆ ಪುಸ್ತಕವನ್ನು ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬಹುದು.